ಧಣಿಯ ದಯೆ, ದುಡಿದವರ ಬಾಕಿ

ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮಾಲೀಕರ ಬೇಕರಿ, ವರ್ಕ್‌ಶಾಪ್, ಪ್ರೆಸ್ಸು, ಅಂಗಡಿಗಳಲ್ಲಿ ಕೆಲಸದವರ ಕೈಗೆ ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ಪೊಟ್ಟಣ ಬರುತ್ತದೆ. ನೆವ್ರಿ, ಕಿಡಿಯೊ, ಒಂದು ತುಂಡು ಕೇಕು, ಜೊತೆಗೊಂದು ಲಕೋಟೆ. ಜೂನ್‌ನಲ್ಲಿ ಮಕ್ಕಳ ಶಾಲೆಯ ಫೀಸಿಗೆ ಕೈಗಡ ಸಿಗುತ್ತದೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಧಣಿಗಳು ಡಾಕ್ಟರಿಗೆ ಫೋನು ಮಾಡಿ ಹೇಳುತ್ತಾರೆ. ಮಗಳ ಮದುವೆಗೆ ಮುಂಗಡ ಕೊಡುತ್ತಾರೆ. ಇದನ್ನೆಲ್ಲ ನಾನು ಹಗುರವಾಗಿ ನೋಡುವವನಲ್ಲ. ಕಷ್ಟಕಾಲದಲ್ಲಿ ಬ್ಯಾಂಕು ಬಾಗಿಲು ಹಾಕಿದಾಗ ಧಣಿಯ ಮನೆಯ ಬಾಗಿಲು ತೆರೆದಿತ್ತು ಎಂದು ಕಣ್ಣು ತುಂಬಿ ಹೇಳುವ ಹಿರಿಯ ಕೆಲಸಗಾರರು ನಮ್ಮ ಕರಾವಳಿಯಲ್ಲಿ ಬಹಳ ಮಂದಿ ಇದ್ದಾರೆ.

ಆದರೆ ಅವರನ್ನೇ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ನಿಮ್ಮ ಹೆಸರಲ್ಲಿ ಪಿ.ಎಫ್. ಖಾತೆ ಇದೆಯೇ? ಇ.ಎಸ್.ಐ. ಕಾರ್ಡು ಇದೆಯೇ? ವಾರದ ರಜೆಗೆ ಸಂಬಳ ಸಿಗುತ್ತದೆಯೇ? ಇಪ್ಪತ್ತು ವರ್ಷ ದುಡಿದದ್ದಕ್ಕೆ ಒಂದು ನೇಮಕಾತಿ ಪತ್ರವಾದರೂ ಕೈಯಲ್ಲಿದೆಯೇ? ಎಷ್ಟೋ ಕಡೆ ಉತ್ತರ ತಡವರಿಸುತ್ತದೆ. ಧಣಿಗಳು ಒಳ್ಳೆಯವರು, ಕೇಳಿದರೆ ಇಲ್ಲ ಅನ್ನುವುದಿಲ್ಲ ಎಂಬ ಮಾತು ಬರುತ್ತದೆ. ಈ ಮಾತಿನಲ್ಲಿ ನಿಜವಾದ ಕೃತಜ್ಞತೆ ಇದೆ. ಕೇಳಿದರೆ ಮಾತ್ರ ಸಿಗುತ್ತದೆ ಎಂಬ ಅನಿಶ್ಚಿತತೆಯೂ ಇದೆ. ಕ್ರೈಸ್ತ ಉದ್ಯಮಿಯೊಬ್ಬ ತನ್ನ ಕೆಲಸಗಾರರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಚರ್ಚೆಯನ್ನು ಇಲ್ಲಿಂದಲೇ ಶುರುಮಾಡಬೇಕು ಎನ್ನುವುದು ನನ್ನ ವಾದ. ಅವನ ಧರ್ಮ ಅವನಲ್ಲಿ ಮೊದಲು ಕೇಳುವುದು ದಯೆಯನ್ನಲ್ಲ, ಬಾಕಿಯನ್ನು. ಸಲ್ಲಬೇಕಾದದ್ದು ಸಂದ ಮೇಲೆ ದಯೆಗೆ ಬೇಕಾದಷ್ಟು ಜಾಗ ಇದೆ. ಸಲ್ಲಬೇಕಾದ್ದರ ಜಾಗದಲ್ಲಿ ದಯೆಯನ್ನು ಕೂರಿಸಿದರೆ ಅದು ಎಷ್ಟೇ ಮೃದುವಾಗಿದ್ದರೂ ಅನ್ಯಾಯವೇ.

ಹೀಗೆ ಹೇಳಲು ಕಾರ್ಮಿಕ ಸಂಘದ ಕರಪತ್ರ ಬೇಕಾಗಿಲ್ಲ, ಬೈಬಲ್ ಸಾಕು. ಬಡ ಕೂಲಿಯಾಳಿನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಅವನು ಸ್ವದೇಶಿಯೋ ಪರದೇಶಿಯೋ ಎಂಬ ಭೇದ ಅಲ್ಲಿಲ್ಲ. ಕಾರಣವನ್ನೂ ಅದು ಹೇಳುತ್ತದೆ: ಅವನು ಬಡವ, ಆ ಕೂಲಿಯ ಮೇಲೇ ಜೀವ ಇಟ್ಟುಕೊಂಡಿದ್ದಾನೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಲ್ಲಿ ಹೊಲ ಕೊಯ್ದವರ ಕೊಡದೆ ಉಳಿಸಿಕೊಂಡ ಕೂಲಿಯೇ ಧನಿಕರ ವಿರುದ್ಧ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ. ಪ್ರವಾದಿ ಯೆರೆಮೀಯ ಅರಸ ಯೆಹೋಯಾಕೀಮನನ್ನು ಖಂಡಿಸಿದ್ದು ಅವನು ದೇವದಾರು ಮರದ ಅರಮನೆ ಕಟ್ಟಿಸಿದ ಎಂಬಷ್ಟಕ್ಕೇ ಅಲ್ಲ, ಕಟ್ಟಿದವರಿಗೆ ಕೂಲಿ ಕೊಡದೆ ಕಟ್ಟಿಸಿದ ಎಂಬುದಕ್ಕೆ. ಇಲ್ಲೆಲ್ಲೂ ಧಣಿಯ ಮನಸ್ಸು ಎಷ್ಟು ಒಳ್ಳೆಯದು ಎಂಬ ವಿಚಾರಣೆ ಇಲ್ಲ. ಮೊತ್ತ ಎಷ್ಟು, ಯಾವಾಗ ಕೊಟ್ಟೆ ಎಂಬ ಎರಡೇ ಪ್ರಶ್ನೆ. ಸಂಬಳ ಹತ್ತನೇ ತಾರೀಕಿಗೋ ಹದಿನೈದಕ್ಕೋ ಜಾರುವ ನಮ್ಮ ಕಾಲದಲ್ಲಿ, ಕಂಟ್ರಾಕ್ಟರನ ಬಿಲ್ ಪಾಸಾಗದೆ ಗಾರೆ ಕೆಲಸದವರು ಎರಡೆರಡು ತಿಂಗಳು ಕಾಯುವ ಕಾಲದಲ್ಲಿ, ಆ ಹಳೆಯ ಗಡುವು ಇನ್ನೂ ಹರಿತವಾಗಿದೆ.

ವಿಶ್ರಾಂತಿಯ ಕಟ್ಟಳೆಯೂ ಅಂಥದ್ದೇ. ಸಬ್ಬತ್ ದಿನವೆಂದರೆ ಧಣಿ ದೇವಾಲಯಕ್ಕೆ ಹೋಗುವ ದಿನ ಎಂದಷ್ಟೇ ನಮ್ಮಲ್ಲಿ ಹಲವರ ಗ್ರಹಿಕೆ. ಆದರೆ ಕಟ್ಟಳೆಯಲ್ಲಿ ಆಳು, ದಾಸಿ, ಊರಲ್ಲಿರುವ ಪರದೇಶಿ, ಎತ್ತು, ಕತ್ತೆ ಎಲ್ಲರ ಹೆಸರೂ ಇದೆ. ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಎಂಬ ನೆನಪು ಅದರ ಬುಡದಲ್ಲಿದೆ. ಭಾನುವಾರ ಬೆಳಿಗ್ಗೆ ಮಾಲೀಕರ ಕುಟುಂಬ ಪೂಜೆಗೆ ಹೋದಾಗ ಮನೆಯ ಅಡುಗೆಯಾಕೆ ಮಧ್ಯಾಹ್ನದ ಹಬ್ಬದೂಟಕ್ಕೆ ಮಸಾಲೆ ಅರೆಯುತ್ತಾ ನಿಂತಿದ್ದರೆ ಆ ಕಟ್ಟಳೆ ಅರ್ಧ ಮಾತ್ರ ನೆರವೇರಿತು.

ರೂತಳ ಕಥೆಯಲ್ಲಿ ಬರುವ ಬೋವಜನನ್ನು ನೋಡಿ. ಅವನು ಹೊಲಕ್ಕೆ ಬಂದೊಡನೆ ಕೊಯ್ಲುಗಾರರಿಗೆ ದೇವರ ಹೆಸರಲ್ಲಿ ನಮಸ್ಕಾರ ಹೇಳುತ್ತಾನೆ. ಪ್ರಸಂಗಗಳಲ್ಲಿ ಬಹಳ ಸಲ ಕೇಳಿಬರುವುದು ಇಷ್ಟು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವನು ಆಮೇಲೆ ಮಾಡಿದ ಏರ್ಪಾಡು. ತೆನೆ ಆಯಲು ಬಂದ ಪರದೇಶಿ ವಿಧವೆಯನ್ನು ಯಾರೂ ಮುಟ್ಟಕೂಡದು ಎಂದು ಗಂಡಾಳುಗಳಿಗೆ ತಾಕೀತು ಮಾಡುತ್ತಾನೆ. ಅವರು ಸೇದಿಟ್ಟ ನೀರನ್ನು ಕುಡಿಯಲು ಅವಳಿಗೆ ಅನುಮತಿ ಕೊಡುತ್ತಾನೆ. ಹೆಣ್ಣಾಳಿಗೆ ಭಯವಿಲ್ಲದ ಜಾಗ, ಕುಡಿಯುವ ನೀರು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು ನಮ್ಮ ದೇಶದ ಕಾನೂನು ಹೇಳಿದ್ದು 2013ರಲ್ಲಿ. ಆ ಸಮಿತಿಯನ್ನು ಇನ್ನೂ ಮಾಡದ, ಮಾಡಿದ್ದರೂ ಹೆಸರಿಗೆ ಮಾತ್ರ ಇಟ್ಟುಕೊಂಡಿರುವ ಕ್ರೈಸ್ತ ಮಾಲೀಕ ಬೋವಜನ ನಮಸ್ಕಾರವನ್ನು ಕಲಿತಿದ್ದಾನೆ, ತಾಕೀತನ್ನು ಕಲಿತಿಲ್ಲ.

ದ್ರಾಕ್ಷಿತೋಟದ ಸಾಮ್ಯವಂತೂ ನಮ್ಮ ದೇಶದ ಚರಿತ್ರೆಯೊಳಗೇ ಬಂದುಹೋಗಿದೆ. ಬೆಳಗಿನಿಂದ ದುಡಿದವನಿಗೂ ಹೊತ್ತಿಳಿಯುವಾಗ ಬಂದವನಿಗೂ ತೋಟದ ಯಜಮಾನ ಒಂದೇ ದಿನಗೂಲಿ ಕೊಟ್ಟ ಆ ಕಥೆಯಿಂದ ಜಾನ್ ರಸ್ಕಿನ್ 1860ರಲ್ಲಿ ತನ್ನ ಅರ್ಥಶಾಸ್ತ್ರದ ಪ್ರಬಂಧಗಳಿಗೆ ಹೆಸರು ತೆಗೆದುಕೊಂಡ. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್‌ಗೆ ರೈಲಿನಲ್ಲಿ ಹೋಗುತ್ತಾ ಅದನ್ನು ಓದಿದ ಗಾಂಧಿ ಬದುಕನ್ನೇ ಬದಲಿಸಿಕೊಂಡು ಫೀನಿಕ್ಸ್ ಆಶ್ರಮ ಕಟ್ಟಿದರು. 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ‘ಸರ್ವೋದಯ’ ಎಂಬ ಹೆಸರಿನಲ್ಲಿ ಬರೆದರು. ಕ್ಷೌರಿಕನ ಕೆಲಸಕ್ಕೂ ವಕೀಲನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಅವರು ಅಲ್ಲಿ ಕಂಡ ಪಾಠ. ಚರ್ಚುಗಳಲ್ಲಿ ಈ ಸಾಮ್ಯವನ್ನು ದೇವರ ಕೃಪೆಯ ಬಗ್ಗೆ ಮಾತ್ರ ಎಂಬಂತೆ ವಿವರಿಸುವುದೇ ಹೆಚ್ಚು. ಅದು ಕೃಪೆಯ ಕಥೆ, ಒಪ್ಪುತ್ತೇನೆ. ಆದರೆ ಯೇಸು ಆ ಕೃಪೆಯನ್ನು ತೋರಿಸಲು ಆರಿಸಿಕೊಂಡದ್ದು ಸಂಬಳ ಬಟವಾಡೆಯ ಹೊತ್ತನ್ನು. ಕೊನೆಗೆ ಬಂದವನ ಮನೆಯಲ್ಲೂ ಒಲೆ ಉರಿಯಬೇಕು ಎಂಬ ಲೆಕ್ಕ ಆ ಯಜಮಾನನಿಗೆ ಗೊತ್ತಿತ್ತು.

1891ರ ಮೇ 15ರಂದು ಪೋಪ್ 13ನೆಯ ಲಿಯೋ ಹೊರಡಿಸಿದ ‘ರೇರುಮ್ ನೋವಾರುಮ್’ ಎಂಬ ವಿಶ್ವಪತ್ರ ಇದೇ ಲೆಕ್ಕವನ್ನು ಕಾರ್ಖಾನೆಯ ಯುಗಕ್ಕೆ ತಂದಿತು. ಕೆಲಸಗಾರ ಒಪ್ಪಿ ಸಹಿ ಹಾಕಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಮಿತವಾಗಿ ಬಾಳುವ ಕೆಲಸಗಾರನ ಜೀವನಕ್ಕೆ ಅದು ಸಾಕಾಗಬೇಕು ಎಂದು ಅದು ಹೇಳಿತು. ಹಸಿವಿನಿಂದ ಒಪ್ಪಿದ ಒಪ್ಪಂದ ಬಲಾತ್ಕಾರಕ್ಕೆ ಸಮ ಎಂಬುದು ಅದರ ನಿಲುವು. ಕೆಲಸಗಾರರು ಸಂಘ ಕಟ್ಟಿಕೊಳ್ಳುವುದನ್ನೂ ಅದು ಎತ್ತಿಹಿಡಿಯಿತು. ಯೂನಿಯನ್ ಎಂದೊಡನೆ ಮುಖ ಗಂಟಿಕ್ಕುವ ಕ್ಯಾಥೊಲಿಕ್ ಮಾಲೀಕರು ತಮ್ಮ ಸಭೆಯೇ ಅಷ್ಟು ಹಿಂದೆ ಆಡಿದ ಮಾತನ್ನು ಓದಬೇಕು.

ತತ್ತ್ವ ಇಷ್ಟು ಸ್ಪಷ್ಟವಿದ್ದರೂ ಕಷ್ಟ ಇರುವುದು ಆಚರಣೆಯಲ್ಲಿ. ಅದಕ್ಕೆ ನಮ್ಮ ನೆಲದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನಿನ ಮೊದಲಿಗರು 1834ರಲ್ಲಿ ಮಂಗಳೂರಿಗೆ ಬಂದಾಗ ಕಾರ್ಖಾನೆ ಕಟ್ಟುವ ಯೋಚನೆ ಅವರಿಗಿರಲಿಲ್ಲ. ಅದು ಹುಟ್ಟಿದ್ದು ಅನಿವಾರ್ಯದಿಂದ. ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಶೇಂದಿ ಇಳಿಸುವ ಕಸುಬನ್ನು ಮಿಶನ್ ತನ್ನ ಸಭೆಯವರಿಗೆ ಒಪ್ಪಲಿಲ್ಲ. ಮತ ಬದಲಿಸಿದವರಿಗೆ ಮನೆತನದ ಆಸರೆ ತಪ್ಪಿತು, ಗೇಣಿಯ ಗದ್ದೆ ತಪ್ಪಿತು. ಕಸುಬು ಬಿಡು ಎಂದು ಹೇಳಿದವರ ಮೇಲೆ ಇನ್ನೊಂದು ಕಸುಬು ತೋರಿಸುವ ಹೊಣೆ ಬಿತ್ತು. 1851ರಲ್ಲಿ ಮಿಶನಿನ ಜಾನ್ ಹ್ಯಾಲರ್ ಬಂದ ಮೇಲೆ ನೇಯ್ಗೆ ಬೇರೂರಿತು. ವ್ಯಾಪಾರವನ್ನು ನೋಡಿಕೊಳ್ಳಲು 1859ರಲ್ಲಿ ಬಾಸೆಲ್‌ನಲ್ಲಿ ಪ್ರತ್ಯೇಕ ಕಂಪನಿ ಹುಟ್ಟಿತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿಯ ದಂಡೆಯ ಆವೆಮಣ್ಣು ಅಚ್ಚಿಗೆ ಬಿದ್ದು, ಭಟ್ಟಿಯಲ್ಲಿ ಬೆಂದು, ಮಂಗಳೂರು ಹಂಚು ಎಂಬ ಹೆಸರಿನಲ್ಲಿ ದೇಶದ ಒಳಗೂ ಹೊರಗೂ ಮಾಡು ಹೊದಿಸಿತು. ಮಲ್ಪೆ, ಕಲ್ಲಿಕೋಟೆ, ಫರೋಕ್, ಕೊಡಕ್ಕಲ್‌ಗಳಲ್ಲೂ ಕಾರ್ಖಾನೆಗಳೆದ್ದವು.

ಈ ಪ್ರಯೋಗದಲ್ಲಿ ಗೌರವಿಸಬೇಕಾದದ್ದು ಬಹಳ ಇದೆ. ನಿರ್ಗತಿಕರಾಗಿ ಬಂದವರಿಗೆ ಗಂಜಿಯ ಬದಲು ಕೆಲಸ ಕೊಟ್ಟರು, ಕೆಲಸದ ಜೊತೆ ಕೌಶಲ ಕೊಟ್ಟರು. ಕೂಲಿ ಭತ್ತದಲ್ಲಿ ಸಿಗುತ್ತಿದ್ದ, ಅದೂ ಭೂಮಾಲೀಕನ ಮರ್ಜಿಗೆ ಬಿಟ್ಟಿದ್ದ ಕಾಲದಲ್ಲಿ ಗಂಟೆ ಹೊಡೆದಾಗ ಶುರುವಾಗಿ ಗಂಟೆ ಹೊಡೆದಾಗ ಮುಗಿಯುವ, ನಗದಿನಲ್ಲಿ ಸಂಬಳ ಸಿಗುವ ದುಡಿಮೆ ಬಂತು. ಬೇರೆಬೇರೆ ಜಾತಿಯಿಂದ ಬಂದವರು ಒಂದೇ ಮಾಡಿನ ಕೆಳಗೆ ಒಂದೇ ಮಣ್ಣು ಮುಟ್ಟಿದರು. ಕಾಯಿಲೆ ಬಿದ್ದವರಿಗೆ ನೆರವು ನಿಧಿ, ಉಳಿತಾಯದ ಏರ್ಪಾಡುಗಳು ಅಲ್ಲಿ ಬೆಳೆದವು. ಸ್ವತಂತ್ರ ಭಾರತಕ್ಕೆ ಇ.ಎಸ್.ಐ. ಕಾನೂನು ಬಂದದ್ದು 1948ರಲ್ಲಿ ಎಂಬುದನ್ನು ನೆನೆದರೆ ಅವರ ದೂರದೃಷ್ಟಿಯ ಅಳತೆ ಸಿಗುತ್ತದೆ.

ಆದರೆ ಅದೇ ಪ್ರಯೋಗದೊಳಗೆ ಒಂದು ಗಂಟು ಇತ್ತು. ಸಂಬಳ ಕೊಡುವ ಕೈ, ವಾಸಕ್ಕೆ ಜಾಗ ಕೊಡುವ ಕೈ, ರೊಟ್ಟಿ ದ್ರಾಕ್ಷಾರಸ ನೀಡುವ ಕೈ, ಈ ಮೂರೂ ಒಂದೇ ಮಿಶನಿನವು. ಇಂಥ ಕಡೆ ಮೇಸ್ತ್ರಿಯ ಮೇಲಿನ ದೂರನ್ನು ಯಾರ ಹತ್ತಿರ ಹೇಳುವುದು? ಪಾದ್ರಿಗಳ ಹತ್ತಿರ ಹೇಳಿದರೆ ಅದು ಧಣಿಗೇ ಹೇಳಿದಂತೆ. ಸಭೆಯ ಶಿಸ್ತು ಮೀರಿದವನಿಗೆ ಕೆಲಸದ ಬಗ್ಗೆಯೂ ಅಳುಕು, ಕೆಲಸದಲ್ಲಿ ತಕರಾರು ತೆಗೆದವನಿಗೆ ಸಭೆಯ ಬಗ್ಗೆಯೂ ಅಳುಕು. ಹೊರಗಿನವರ ಕಣ್ಣಿಗಂತೂ ಹೊಟ್ಟೆಪಾಡಿಗಾಗಿ ಕ್ರೈಸ್ತರಾದರು ಎಂಬ ಶಂಕೆ ಅಂಟಿಕೊಂಡಿತು; ಪ್ರಾಮಾಣಿಕವಾಗಿ ನಂಬಿದವರೂ ಆ ಶಂಕೆಯ ಭಾರ ಹೊರಬೇಕಾಯಿತು. ಮಿಶನರಿಗಳ ಸದುದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅಧಿಕಾರವೆಲ್ಲ ಒಂದೇ ಕಡೆ ಸೇರಿದಾಗ ಕೆಲಸಗಾರನಿಗೆ ಇಲ್ಲ ಅನ್ನುವ ಜಾಗ ಉಳಿಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಈ ಉದ್ಯಮಗಳನ್ನು ಕೈಗೆ ತೆಗೆದುಕೊಂಡು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದಾಗ, ಧಣಿ ರಾತ್ರೋರಾತ್ರಿ ಬದಲಾಗಬಹುದು ಎಂಬುದನ್ನು ಕರಾವಳಿಯ ಹಂಚಿನ ಕೆಲಸಗಾರರು ಕಂಡರು. ಅಂಥ ಹೊತ್ತಿನಲ್ಲಿ ಹಳೆಯ ಧಣಿಯ ವಾತ್ಸಲ್ಯ ಕೆಲಸಕ್ಕೆ ಬರುವುದಿಲ್ಲ. ಬರೆದಿಟ್ಟದ್ದು, ಲೆಕ್ಕದಲ್ಲಿರುವುದು ಮಾತ್ರ ಉಳಿಯುತ್ತದೆ.

ಮಿಶನಿನ ಕಾರ್ಖಾನೆಗಳು ಬೆಳೆಯುತ್ತಿದ್ದ ಕಾಲದಲ್ಲೇ ಇಂಗ್ಲೆಂಡಿನ ಕ್ವೇಕರ್ ಪಂಥದ ಚಾಕಲೇಟ್ ಮನೆತನಗಳು ಇನ್ನೊಂದು ದಾರಿ ಹಿಡಿದಿದ್ದವು. ರಿಚರ್ಡ್ ಮತ್ತು ಜಾರ್ಜ್ ಕ್ಯಾಡ್‌ಬರಿ ಸಹೋದರರು 1861ರಲ್ಲಿ ತಂದೆಯ ಸೊರಗಿದ ವ್ಯಾಪಾರವನ್ನು ಕೈಗೆತ್ತಿಕೊಂಡು, 1879ರಲ್ಲಿ ಬರ್ಮಿಂಗ್‌ಹ್ಯಾಮಿನ ಹೊಗೆಯಿಂದ ಹೊರಗೆ, ಬೋರ್ನ್‌ವಿಲ್ ಎಂದು ತಾವೇ ಹೆಸರಿಟ್ಟ ಬಯಲಿಗೆ ಕಾರ್ಖಾನೆಯನ್ನು ಸಾಗಿಸಿದರು. 1893ರಲ್ಲಿ ಜಾರ್ಜ್ ಪಕ್ಕದಲ್ಲೇ 120 ಎಕರೆ ಕೊಂಡು ತೋಟವಿರುವ ಮನೆಗಳ ಊರು ಕಟ್ಟತೊಡಗಿದ. 1906ರಲ್ಲಿ ಪಿಂಚಣಿ ನಿಧಿ ಬಂತು. 1918ರಲ್ಲಿ ಕೆಲಸಗಾರರ ಪ್ರತಿನಿಧಿಗಳು ಆಡಳಿತದವರೊಂದಿಗೆ ಕೂತು ಮಾತಾಡುವ ಮಂಡಳಿಗಳಾದವು. ಯಾರ್ಕ್‌ನ ರೌನ್‌ಟ್ರೀ ಮನೆತನವೂ ಹೀಗೆಯೇ. ಅಲ್ಲಿನ ಸೀಬೋಮ್ ರೌನ್‌ಟ್ರೀ ತನ್ನೂರಿನ ಬಡವರ ಮನೆಮನೆಯ ವಿವರ ಕಲೆಹಾಕಿ 1901ರಲ್ಲಿ ಪುಸ್ತಕ ಬರೆದ. ಬಡತನ ಬರುವುದು ಸೋಮಾರಿತನದಿಂದ, ಕುಡಿತದಿಂದ ಎಂದು ಉಳ್ಳವರು ನಂಬಿದ್ದ ಕಾಲದಲ್ಲಿ, ಪೂರ್ತಿ ದಿನ ದುಡಿದರೂ ಹೊಟ್ಟೆ ತುಂಬದಷ್ಟು ಕಡಿಮೆ ಕೂಲಿಯೇ ಒಂದು ಮುಖ್ಯ ಕಾರಣ ಎಂದು ತೋರಿಸಿಕೊಟ್ಟ. ಉದ್ಯಮಿಯ ಮಗನೊಬ್ಬ ದಾನಕ್ಕಿಂತ ಮೊದಲು ಲೆಕ್ಕ ಹಾಕಿದ ಈ ನಡೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಜಾರ್ಜ್ ಕ್ಯಾಡ್‌ಬರಿ ಮಾಡಿದ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು 1900ರಲ್ಲಿ ಆ ಇಡೀ ಊರನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟದ್ದಕ್ಕೆ. ಮನೆಗಳು ಅವನ ಕೈಬಿಟ್ಟವು. ಕಂಪನಿಯ ಕೆಲಸಗಾರರಲ್ಲದವರಿಗೂ ಅಲ್ಲಿ ಮನೆ ಸಿಗುತ್ತಿತ್ತು. ಹಾಗಾಗಿ ಅಲ್ಲಿ ಮನೆ ಎಂಬುದು ಕೆಲಸದ ಕೊರಳಿಗೆ ಕಟ್ಟಿದ ಹಗ್ಗವಾಗಲಿಲ್ಲ. ನಮ್ಮ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೆಲಸ ಬಿಟ್ಟ ದಿನವೇ ಸೂರೂ ಹೋಗುತ್ತದೆ. ಅಂಥ ಮನೆಯನ್ನು ಸೌಲಭ್ಯ ಎಂದು ಕರೆಯುವ ಮೊದಲು ತೋಟದ ಮಾಲೀಕರು ಬೋರ್ನ್‌ವಿಲ್‌ನ ಈ ಒಂದು ಅಂಶವನ್ನು ಯೋಚಿಸಬೇಕು.

ಹೀಗೆಂದು ಬೋರ್ನ್‌ವಿಲ್‌ ಅನ್ನು ಆದರ್ಶವಾಗಿ ನಿಲ್ಲಿಸಲಾರೆ. ಮದುವೆಯಾದ ಹೆಂಗಸರು ಅಲ್ಲಿ ಕೆಲಸ ಬಿಡಬೇಕಿತ್ತು. ಊರಲ್ಲಿ ಹೆಂಡದಂಗಡಿ ಇಲ್ಲ ಎಂಬುದೂ ಧಣಿಯ ನಂಬಿಕೆಯಿಂದ ಬಂದ ನಿಯಮ. ಆದರೆ ಅದರ ದೊಡ್ಡ ಪರೀಕ್ಷೆ ನಡೆದದ್ದು ಇಂಗ್ಲೆಂಡಿನಲ್ಲಲ್ಲ. ಚಾಕಲೇಟಿನ ಕೋಕೋದ ದೊಡ್ಡ ಪಾಲು ಆಫ್ರಿಕದ ಪಶ್ಚಿಮಕ್ಕಿರುವ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಸಾವೊ ತೊಮೆ ಮತ್ತು ಪ್ರಿನ್ಸಿಪೆ ದ್ವೀಪಗಳಿಂದ ಬರುತ್ತಿತ್ತು. ಅಲ್ಲಿನ ತೋಟದಲ್ಲಿ ದುಡಿಯುತ್ತಿದ್ದವರು ಅಂಗೋಲದಿಂದ ಹಿಡಿದು ತಂದ, ಹೆಸರಿಗೆ ಕರಾರಿನ ಆಳುಗಳು, ನಿಜದಲ್ಲಿ ಗುಲಾಮರು. 1901ರಲ್ಲೇ ಆ ಮನೆತನದ ವಿಲಿಯಂ ಕ್ಯಾಡ್‌ಬರಿಗೆ ಇದರ ಸುಳಿವು ಸಿಕ್ಕಿತ್ತು. ವಿಚಾರಣೆಗೆಂದು ಜೋಸೆಫ್ ಬರ್ಟ್ ಎಂಬುವರನ್ನು ಕಂಪನಿ ಕಳಿಸಿದ್ದು 1905ರಲ್ಲಿ. ಪತ್ರಕರ್ತ ಹೆನ್ರಿ ನೆವಿನ್ಸನ್ ತಾನೇ ಅಲ್ಲಿಗೆ ಹೋಗಿ ನೋಡಿ 1906ರಲ್ಲಿ ಪುಸ್ತಕ ಪ್ರಕಟಿಸಿದ. ಕಂಪನಿ ಅಲ್ಲಿನ ಕೋಕೋ ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ಆ ಮಧ್ಯದ ವರ್ಷಗಳಲ್ಲಿ ಖರೀದಿ ನಡೆದೇ ಇತ್ತು. ಇದನ್ನು ಎತ್ತಿ ಆಡಿದ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಮೇಲೆ ಕ್ಯಾಡ್‌ಬರಿ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದಿತು. ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ.

ಖರೀದಿ ನಿಲ್ಲಿಸಿದರೆ ಪೋರ್ಚುಗೀಸರ ಮೇಲೆ ಒತ್ತಡ ಹೇರುವ ಶಕ್ತಿ ಹೋಗುತ್ತದೆ, ಸರಕಾರದ ಮಾತುಕತೆ ನಡೆಯುತ್ತಿದೆ ಎಂದು ಕಂಪನಿ ಸಮರ್ಥಿಸಿಕೊಂಡಿತ್ತು. ಆ ಸಮರ್ಥನೆ ಪೂರ್ತಿ ಸುಳ್ಳಲ್ಲ. ಆದರೂ ಬೋರ್ನ್‌ವಿಲ್‌ನ ಹುಡುಗಿಯರಿಗೆ ಈಜುಕೊಳ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ ಸಾವೊ ತೊಮೆಯ ಆಳುಗಳು ಊರಿಗೆ ಮರಳುವ ದಾರಿ ಇಲ್ಲದೆ ಸಾಯುತ್ತಿದ್ದರು ಎಂಬುದು ಚರಿತ್ರೆ. ಕ್ರೈಸ್ತ ಮಾಲೀಕನ ಕಾಳಜಿ ಎಲ್ಲಿಯವರೆಗೆ ಚಾಚಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೋವಿನ ಪಾಠ ನನಗೆ ಗೊತ್ತಿಲ್ಲ. ಕಣ್ಣೆದುರು ಇರುವವರನ್ನು, ಹೆಸರು ಹಿಡಿದು ಕರೆಯಬಲ್ಲವರನ್ನು ಪ್ರೀತಿಸುವುದು ಸುಲಭ. ಇಂದು ನಮ್ಮಲ್ಲಿ ಆ ದ್ವೀಪದ ಜಾಗದಲ್ಲಿರುವವರು ಗುತ್ತಿಗೆಯವರು. ಏಜೆನ್ಸಿಯ ಮೂಲಕ ಬರುವ ಸೆಕ್ಯುರಿಟಿಯವರು, ಕಸಗುಡಿಸುವವರು, ಲಾರಿಗೆ ಲೋಡ್ ಮಾಡುವವರು, ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದು ಶೆಡ್ಡಿನಲ್ಲಿ ಮಲಗುವವರು. ಕ್ರಿಸ್‌ಮಸ್ಸಿನ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ, ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಅವರು ನಮ್ಮವರಲ್ಲ, ಕಂಟ್ರಾಕ್ಟರನವರು ಎಂಬ ಉತ್ತರ ಲೆಕ್ಕಪತ್ರಕ್ಕೆ ಸಾಕಾಗಬಹುದು. ಪರದೇಶಿಯ ಕೂಲಿಯನ್ನೂ ಸಂಜೆಯೊಳಗೆ ಕೊಡು ಎಂದ ಕಟ್ಟಳೆಗೆ ಅದು ಸಾಕಾಗುವುದಿಲ್ಲ.

ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಂಗಸರ ಕೈ ನೋಡಿದವರಿಗೆ ಗೊತ್ತು, ಸಿಪ್ಪೆಯ ಎಣ್ಣೆ ಚರ್ಮ ಸುಟ್ಟು ಬೆರಳುಗಳನ್ನು ಕಪ್ಪಾಗಿಸುತ್ತದೆ. ಅಲ್ಲಿ ಕಾಳಜಿ ಎಂದರೆ ಕೆಲಸದ ವೇಗ ಕುಂದಿಸದಂಥ ಒಳ್ಳೆಯ ಕೈಗವಸು, ಬೆನ್ನು ನೋಯದ ಆಸನ, ನೀರಿರುವ ಶೌಚಾಲಯ, ಹಸುಗೂಸನ್ನು ಬಿಡಲು ಒಂದು ಕೋಣೆ. ಗವಸು ಹಾಕಿಕೊಂಡರೆ ತೂಕ ಕಡಿಮೆಯಾಗುತ್ತದೆ, ತೂಕ ಕಡಿಮೆಯಾದರೆ ಕೂಲಿ ಕಡಿಮೆಯಾಗುತ್ತದೆ ಎಂದು ಅವರೇ ಗವಸು ತೆಗೆದಿಡುವುದುಂಟು. ಹಾಗಾದರೆ ಕೂಲಿಯ ದರವನ್ನೇ ತಿದ್ದಬೇಕು. ಪ್ರಾರ್ಥನಾಕೂಟದಲ್ಲಿ ಅವರಿಗಾಗಿ ಪ್ರಾರ್ಥಿಸುವುದು ಒಳ್ಳೆಯದೇ. ಆ ಪ್ರಾರ್ಥನೆಗೆ ಸಿಗಬೇಕಾದ ಉತ್ತರದ ಒಂದು ಪಾಲು ಮಾಲೀಕನ ಕೈಯಲ್ಲೇ ಇದೆ.

ಪ್ರಾರ್ಥನೆಯ ವಿಚಾರ ಬಂತು. ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥನೆ ಮಾಡಿಸುವ ಪದ್ಧತಿ ಕೆಲವು ಸಂಸ್ಥೆಗಳಲ್ಲಿದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಕರಾವಳಿಯ ಕ್ರೈಸ್ತ ಮಾಲೀಕರ ಬಳಿ ದುಡಿಯುವವರಲ್ಲಿ ಹೆಚ್ಚಿನವರು ಹಿಂದೂಗಳು, ಮುಸ್ಲಿಮರು. ಸಂಬಳ ಕೊಡುವವನು ಕರೆದ ಪ್ರಾರ್ಥನೆಗೆ ಬರುವುದಿಲ್ಲ ಎನ್ನುವ ಧೈರ್ಯ ಎಷ್ಟು ಮಂದಿಗಿದ್ದೀತು? ಬಲವಂತ ಇಲ್ಲ ಎಂದು ಧಣಿ ಹೇಳಬಹುದು. ಬಾರದವರ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ ಎನ್ನಬಹುದು. ಕೆಲಸಗಾರ ತನ್ನ ಮನಸ್ಸಿನಲ್ಲಿ ಬರೆದುಕೊಂಡಿರುತ್ತಾನೆ. ಜೆಪ್ಪುವಿನ ಗಂಟು ಇಲ್ಲಿ ಮತ್ತೆ ಸಿಕ್ಕು ಹಾಕಿಕೊಳ್ಳುತ್ತದೆ. ಧಣಿಯ ನಂಬಿಕೆ ಕೆಲಸಗಾರರ ಪಾಲಿನೊಳಗೆ ಕೈಹಾಕುವುದೂ ಉಂಟು. ಅಮೆರಿಕದಲ್ಲಿ ಹಾಬಿ ಲಾಬಿ ಎಂಬ ಅಂಗಡಿ ಸರಣಿಯ ಕ್ರೈಸ್ತ ಮಾಲೀಕರು ಕೆಲವು ಬಗೆಯ ಗರ್ಭನಿರೋಧಕಗಳಿಗೆ ಕೆಲಸಗಾರರ ವಿಮೆಯಲ್ಲಿ ಹಣ ಕೊಡುವುದು ತಮ್ಮ ನಂಬಿಕೆಗೆ ವಿರುದ್ಧ ಎಂದು ಕೋರ್ಟಿಗೆ ಹೋದರು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಿಂದ ಅವರ ಪರ ತೀರ್ಪು ಕೊಟ್ಟಿತು. ಮಾಲೀಕರ ಅಂತಃಸಾಕ್ಷಿಗೆ ನನ್ನ ಗೌರವವಿದೆ. ಆದರೆ ವಿಮೆ ಧಣಿಯ ಉಡುಗೊರೆಯಲ್ಲ, ದುಡಿಮೆಯ ಪ್ರತಿಫಲದ ಒಂದು ಭಾಗ. ದುಡಿದು ಪಡೆದದ್ದನ್ನು ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸುವ ಅಂತಃಸಾಕ್ಷಿ ದುಡಿದವಳದು. ಸಂಬಳದ ದುಡ್ಡಲ್ಲಿ ಏನು ಕೊಳ್ಳುತ್ತೀಯ ಎಂದು ಯಾವ ಧಣಿಯೂ ಕೇಳುವುದಿಲ್ಲವಲ್ಲ.

ನನ್ನ ಮಟ್ಟಿಗೆ, ಕ್ರೈಸ್ತ ಮಾಲೀಕನ ನಂಬಿಕೆ ಅವನ ಕೆಲಸದ ಜಾಗದಲ್ಲಿ ಕಾಣಬೇಕಾದ ಬಗೆ ಬೇರೆ. ಮನೆತನದ ದೈವದ ನೇಮಕ್ಕೆ ಹೋಗಬೇಕಾದವನಿಗೆ ಮುಖ ಸಿಂಡರಿಸದೆ ರಜೆ ಸಿಗಬೇಕು. ಶುಕ್ರವಾರದ ನಮಾಜಿಗೆ ಹೊತ್ತು ಹೊಂದಿಸಿಕೊಡಬೇಕು. ನೇಮಕ ಮಾಡುವಾಗ, ಬಡ್ತಿ ಕೊಡುವಾಗ ಚರ್ಚಿನ ಸಂಬಂಧ ನೋಡಬಾರದು. ಜಾತಿಯನ್ನಂತೂ ನೋಡಲೇಬಾರದು. ನಮ್ಮ ಕ್ರೈಸ್ತ ಸಮಾಜದೊಳಗೆ ಬಾಮಣ, ಚಾರೊಡಿ, ಸುದಿರ್ ಎಂಬ ಭೇದ ಮದುವೆಯ ಮಾತುಕತೆಯ ಹೊತ್ತಿಗೆ ಇನ್ನೂ ತಲೆ ಎತ್ತುತ್ತದೆ. ಅದು ಕಾರ್ಖಾನೆಯೊಳಗೆ ಬೇರೆ ರೂಪದಲ್ಲಿ ನುಸುಳಬಲ್ಲದು. ಲೆಕ್ಕದ ಕೋಣೆಯಲ್ಲಿ ಯಾರು ಕೂತಿದ್ದಾರೆ, ಭಟ್ಟಿಯ ಎದುರು ಯಾರು ನಿಂತಿದ್ದಾರೆ, ಚರಂಡಿಗೆ ಯಾರನ್ನು ಇಳಿಸುತ್ತೇವೆ ಎಂದು ಒಮ್ಮೆ ಸುತ್ತು ಬಂದು ನೋಡಿದರೆ ಮಾಲೀಕನಿಗೇ ಗೊತ್ತಾಗುತ್ತದೆ.

ಮುಂಗಡದ ಬಗ್ಗೆಯೂ ಹೇಳಬೇಕು. ಸಾಲ ಕೊಟ್ಟು ನೆರವಾಗುವ ಧಣಿಯಷ್ಟು ಪ್ರೀತಿಪಾತ್ರ ಇನ್ನೊಬ್ಬನಿಲ್ಲ, ಅವನಷ್ಟು ಬಿಗಿಯಾಗಿ ಕಟ್ಟಿಹಾಕುವವನೂ ಇನ್ನೊಬ್ಬನಿಲ್ಲ. ಸಾಲ ತೀರುವ ತನಕ ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕರೂ ಹೋಗುವಂತಿಲ್ಲ; ಹೋದರೆ ಉಪಕಾರ ಮರೆತವನು ಎಂಬ ಮಾತು. ಜೀತ ಪದ್ಧತಿಯನ್ನು 1976ರಲ್ಲಿ ಕಾನೂನು ರದ್ದು ಮಾಡಿದರೂ ಮುಂಗಡದ ಈ ಮೃದುವಾದ ಕಟ್ಟು ಹಾಗೇ ಉಳಿದಿದೆ. ಸಾಲ ಕೊಡಲಿ, ಖಂಡಿತ ಕೊಡಲಿ. ಬಡ್ಡಿ ಬೇಡ, ಬರಹದಲ್ಲಿರಲಿ, ತಿಂಗಳ ಕಡಿತಕ್ಕೆ ಮಿತಿ ಇರಲಿ, ಕೆಲಸ ಬಿಟ್ಟು ಹೋದರೂ ಕಂತಿನಲ್ಲಿ ತೀರಿಸುವ ಅವಕಾಶವಿರಲಿ. ಏಳನೆಯ ವರ್ಷ ಸಾಲ ಬಿಟ್ಟುಕೊಡಬೇಕೆಂದೂ, ದಾಸನನ್ನು ಕಳಿಸುವಾಗ ಬರಿಗೈಲಿ ಕಳಿಸಬಾರದೆಂದೂ ಹೇಳಿದ ಗ್ರಂಥವನ್ನು ಪವಿತ್ರವೆಂದು ನಂಬಿದವರಿಗೆ ಇದು ಹೆಚ್ಚಿನ ಬೇಡಿಕೆಯಲ್ಲ.

ಇಷ್ಟೆಲ್ಲ ಕೇಳಿದ ಸಣ್ಣ ಉದ್ಯಮಿಯೊಬ್ಬರು ಎತ್ತುವ ಆಕ್ಷೇಪ ನನಗೆ ಗೊತ್ತಿದೆ, ಅದು ಪೊಳ್ಳಲ್ಲ. ಹತ್ತು ಹನ್ನೆರಡು ಮಂದಿಯ ಬೇಕರಿ ನಡೆಸುವವರಿಗೆ ಮೈದಾ, ಗ್ಯಾಸ್, ಬಾಡಿಗೆ ಎಲ್ಲ ಏರಿದೆ. ಪಕ್ಕದ ಬೀದಿಯವನು ಇ.ಎಸ್.ಐ. ಕಟ್ಟದೆ, ಓವರ್‌ಟೈಮ್ ಕೊಡದೆ ಅಗ್ಗಕ್ಕೆ ಮಾರುತ್ತಾನೆ. ನಿಯಮದಂತೆ ನಡೆದರೆ ಅಂಗಡಿ ಮುಚ್ಚಬೇಕಾಗುತ್ತದೆ, ಮುಚ್ಚಿದರೆ ಆ ಹನ್ನೆರಡು ಮಂದಿಗೂ ಕೆಲಸವಿಲ್ಲ. ಇದಕ್ಕೆ ನುಣುಪಾದ ಉತ್ತರ ನನ್ನಲ್ಲಿಲ್ಲ. ಪ್ರಾಮಾಣಿಕ ಉದ್ಯಮಿಗೆ ನಷ್ಟವಾಗುವ ಸಂದರ್ಭ ಇದ್ದೇ ಇದೆ. ಎಲ್ಲರಿಗೂ ಒಂದೇ ಕಾನೂನು ಬಿಗಿಯಾಗಿ ಅನ್ವಯವಾಗಲಿ ಎಂದು ಸರಕಾರವನ್ನು ಒತ್ತಾಯಿಸುವುದರಲ್ಲಿ ಕ್ರೈಸ್ತ ಉದ್ಯಮಿಗಳೇ ಮುಂದೆ ನಿಲ್ಲಬೇಕು. ಆದರೆ ದುಡ್ಡು ಸಾಲದಾಗ ಮೊದಲು ಯಾವುದಕ್ಕೆ ಕತ್ತರಿ ಬೀಳುತ್ತದೆ ಎಂಬ ಪ್ರಶ್ನೆ ಆಮೇಲೂ ಉಳಿಯುತ್ತದೆ. ಸಂಬಳ ತಡವಾದ ತಿಂಗಳಲ್ಲೇ ಚರ್ಚಿನ ಹೊಸ ಕಟ್ಟಡಕ್ಕೆ ದೊಡ್ಡ ಮೊತ್ತ ಬರೆಸಿದ್ದರೆ, ಆ ಕಾಣಿಕೆ ಯಾರದ್ದು? ಕಷ್ಟವಿದ್ದರೆ ಲೆಕ್ಕದ ಪುಸ್ತಕ ತೆರೆದು ಕೆಲಸದವರ ಮುಂದಿಡಲಿ. ಈ ವರ್ಷ ಇಷ್ಟು ಬಂತು, ಇಷ್ಟು ಹೋಯಿತು, ನಾನು ಮನೆಗೆ ಇಷ್ಟು ಒಯ್ದೆ ಎಂದು ಹೇಳಲಿ. ಕಾರಣ ತಿಳಿದವರು ಕಷ್ಟ ಹಂಚಿಕೊಳ್ಳಲು ಹಿಂಜರಿಯುವುದಿಲ್ಲ. ಹೇಳದೆ ಹೇರಿದ ಕಷ್ಟ ಮಾತ್ರ ಅಸಹನೆ ಹುಟ್ಟಿಸುತ್ತದೆ.

ಕಾಣಿಕೆಯ ಮಾತು ಧರ್ಮಸಭೆಗೂ ಸಲ್ಲಬೇಕು. ಚರ್ಚುಗಳ ಗೋಡೆಯ ಮೇಲೆ ದಾನಿಗಳ ಫಲಕಗಳಿವೆ. ಆ ಹೆಸರುಗಳನ್ನು ಕೆತ್ತಿಸುವ ಮೊದಲು, ನಿಮ್ಮಲ್ಲಿ ಕೆಲಸ ಮಾಡುವವರ ಪಿ.ಎಫ್. ಕಟ್ಟಿದ್ದೀರಾ ಎಂದು ಗುರುಗಳಾಗಲೀ ಪಾಲನಾ ಮಂಡಳಿಯಾಗಲೀ ಕೇಳುವ ರೂಢಿ ಇಲ್ಲ. ಕೇಳಬೇಕು. ವಾರ್ಡಿನ ಮುಖಂಡರಾದ ಗುರ್ಕಾರರಿಗೆ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದೆಲ್ಲ ಗೊತ್ತಿರುತ್ತದೆ. ಆ ಮನೆಯವರ ಅಂಗಡಿಯ ಹುಡುಗರಿಗೆ ವಾರದ ರಜೆ ಇದೆಯೇ ಎಂಬುದೂ ಗೊತ್ತಿರಲಿ. ಹಾಗೆ ಕೇಳುವ ನೈತಿಕ ಬಲ ಬರಬೇಕಾದರೆ ಸಭೆ ತನ್ನದೇ ಶಾಲೆಗಳ ತಾತ್ಕಾಲಿಕ ಶಿಕ್ಷಕಿಯರಿಗೆ, ಆಸ್ಪತ್ರೆಗಳ ದಾದಿಯರಿಗೆ, ಅಡುಗೆಯವರಿಗೆ, ಚರ್ಚಿನ ಗಂಟೆ ಹೊಡೆಯುವವನಿಗೆ ಏನು ಕೊಡುತ್ತಿದೆ ಎಂದು ಮೊದಲು ನೋಡಿಕೊಳ್ಳಬೇಕು. ಸೇವೆ ಎಂಬ ಹೆಸರಿನಲ್ಲಿ ಕಡಿಮೆ ಸಂ­ಬಳವನ್ನು ಸಮರ್ಥಿಸುವ ಅಭ್ಯಾಸ ಅಲ್ಲಿಂದಲೇ ಮಾಲೀಕರ ಕಡೆಗೂ ಹರಿದು ಬಂದಿದೆ ಎಂಬುದು ನನ್ನ ಅನಿಸಿಕೆ.

ಈಗ ಕರಾವಳಿಯಲ್ಲಿ ಇನ್ನೊಂದು ಬಗೆಯ ಪರೀಕ್ಷೆ ನಡೆಯುತ್ತಿದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಕಾಂಕ್ರೀಟು ಬಂತು, ಆವೆಮಣ್ಣು ದುಬಾರಿಯಾಯಿತು, ಭಟ್ಟಿಗೆ ಸೌದೆ ಸಿಗದಾಯಿತು. ಮಾಲೀಕರ ಮಕ್ಕಳು ದುಬೈಯಲ್ಲೋ ಕೆನಡಾದಲ್ಲೋ ನೆಲೆಸಿದ್ದಾರೆ. ಕಾರ್ಖಾನೆಗಿಂತ ಅದರ ಜಾಗಕ್ಕೆ ಬೆಲೆ ಹೆಚ್ಚು. ಚಿಮಣಿ ಇದ್ದ ಕಡೆ ವಸತಿ ಸಮುಚ್ಚಯ ಏಳುತ್ತದೆ. ಇದನ್ನು ನಾನು ತಪ್ಪು ಎನ್ನುವುದಿಲ್ಲ, ವ್ಯಾಪಾರಕ್ಕೆ ಆಯುಷ್ಯ ಇದೆ. ಆದರೆ ಆ ಜಾಗಕ್ಕೆ ಬೆಲೆ ಬರುವ ತನಕ ಅದನ್ನು ನಡೆಸಿಕೊಂಡು ಬಂದವರು ಮೂರು ತಲೆಮಾರಿನ ಕೆಲಸಗಾರರು. ಅವರ ಗ್ರಾಚ್ಯುಟಿ ಕಾನೂನಿನ ಪ್ರಕಾರ ಬಾಕಿ, ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ನಾನು ಕೇಳುವುದು ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು. ಜಾಗ ಮಾರಿದ ಮೊತ್ತದಲ್ಲಿ ಒಂದು ಪಾಲನ್ನು ಕೆಲಸಗಾರರ ಹೆಸರಲ್ಲಿ ಮೊದಲೇ ಎತ್ತಿಡಬೇಕು; ಎಷ್ಟೆಂಬುದನ್ನು ಕಾರ್ಖಾನೆ ನಡೆಯುತ್ತಿರುವಾಗಲೇ, ಧಣಿ ಗಟ್ಟಿಯಾಗಿರುವಾಗಲೇ, ರಿಜಿಸ್ಟರ್ ಆದ ಪತ್ರದಲ್ಲಿ ಬರೆದಿಡಬೇಕು. ಜಾರ್ಜ್ ಕ್ಯಾಡ್‌ಬರಿ ಅರುವತ್ತೊಂದನೆಯ ವಯಸ್ಸಿನಲ್ಲೇ ಊರನ್ನು ಬರೆದುಕೊಟ್ಟ. ಮಕ್ಕಳಿಗೆ ಉಯಿಲು ಬರೆಯುವ ದಿನ ವಕೀಲರ ಕಚೇರಿಯಲ್ಲಿ ಕೆಲಸದವರ ಹಾಜರಿ ಪುಸ್ತಕವೂ ಮೇಜಿನ ಮೇಲಿರಲಿ; ಅದರಲ್ಲಿ ಗುತ್ತಿಗೆಯವರ ಹೆಸರೂ ಸೇರಿರಲಿ.